ಯಾವುದರಲ್ಲಿ ತವರಿನ ಹಾಗೆ?

ಒಂದು ಕಾಡಿನ ಅಂಚಿನಲ್ಲಿ ತುಂಬೆ ಎಂಬ ಮೊಲದಮ್ಮ ತನ್ನ ಎರಡು ಮರಿಗಳ ಜೊತೆ ಬದುಕುತ್ತಿದ್ದಳು. ಅವಳು ಹುಟ್ಟಿದ್ದು ಅಲ್ಲಲ್ಲ. ಮೂರು ಹೊಳೆಗಳ ಆಚೆಗಿದ್ದ ಹುಲ್ಲುಗಾವಲು ಅವಳ ತವರು. ಅಲ್ಲಿ ಕಾಳ್ಗಿಚ್ಚು ಹಬ್ಬಿದ ವರ್ಷ ಓಡಿ ಬಂದವಳಿಗೆ ಮತ್ತೆ ಹಿಂದಿರುಗಲಾಗಲಿಲ್ಲ. ಹೊಸ ಜಾಗದಲ್ಲಿ ಮೇವಿಗೆ ಕೊರತೆಯಿರಲಿಲ್ಲ. ಆದರೂ ಗಾಳಿ ಬೀಸಿದಾಗಲೆಲ್ಲ ಮೂಗೆತ್ತಿ ಆ ಹುಲ್ಲಿನ ವಾಸನೆ ಹುಡುಕುತ್ತಿದ್ದಳು. ಅವಳ ಈ ಹಂಬಲ ಕಾಡಿಗೆಲ್ಲ ಗೊತ್ತಿತ್ತು.

ಮರಿಗಳು ಮುಳ್ಳುಹಂದಿ ಅಜ್ಜಿಯ ಹತ್ತಿರ ಪಾಠಕ್ಕೆ ಹೋಗುತ್ತಿದ್ದವು. ಅಜ್ಜಿಯ ಬಿಲ ಇದ್ದದ್ದು ಒಂದು ಮುಳ್ಳುಪೊದೆಯ ಹಿಂದೆ. ಅಲ್ಲೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾರೇ ಒಂದನ್ನು ಇನ್ನೊಂದಕ್ಕೆ ಹೋಲಿಸಿದರೆ, ಆ ಹೋಲಿಕೆಯನ್ನು ಪೂರ್ತಿ ಮಾಡುವ ತನಕ ಕೂರುವಂತಿರಲಿಲ್ಲ.

“ಅಜ್ಜೀ, ತಮ್ಮನ ಕಿವಿ ಎಲೆಯ ಹಾಗಿದೆ,” ಎಂದಿತು ದೊಡ್ಡ ಮರಿ.

“ಯಾವುದರಲ್ಲಿ? ಹಸಿರಾಗಿದೆಯೇನು?”

ಪಾಠಕ್ಕೆ ಬಂದಿದ್ದ ಮಿಕ್ಕ ಮರಿಗಳು ನಕ್ಕವು. “ಅಲ್ಲಜ್ಜೀ, ತೆಳ್ಳಗಿದೆ!” ಎಂದಿತು ದೊಡ್ಡ ಮರಿ.

“ಹಾಂ, ಈಗ ಕೂತ್ಕೋ. ಕಿವಿ ಉಪಮೇಯ, ಎಲೆ ಉಪಮಾನ, ‘ಹಾಗೆ’ ಎನ್ನುವುದು ವಾಚಕ ಪದ. ತೆಳ್ಳಗಿರುವುದು ಎರಡಕ್ಕೂ ಸಮಾನಧರ್ಮ. ನಾಲ್ಕೂ ಇದ್ದರೆ ಉಪಮೆ ಪೂರ್ತಿ. ‘ಹಾಗೆ’ಯನ್ನು ಬಿಟ್ಟು, ಕಿವಿಯೇ ಎಲೆ ಎಂದುಬಿಟ್ಟರೆ ಅದು ರೂಪಕ. ಎರಡೂ ಚಂದವೇ. ಯಾವುದರಲ್ಲಿ ಎಂದು ಕೇಳುವುದನ್ನು ಮಾತ್ರ ಮರೆಯಬೇಡಿ.”

ಪೊದೆಯ ಈಚೆ ಮರಿಗಳಿಗಾಗಿ ಕಾಯುತ್ತಾ ತುಂಬೆಯೂ ದಿನಾ ಪಾಠ ಕೇಳಿಸಿಕೊಳ್ಳುತ್ತಿದ್ದಳು.

ಕಾಡುಬೆಕ್ಕೊಂದು ಬಹಳ ದಿನದಿಂದ ಆ ಮರಿಗಳ ಮೇಲೆ ಕಣ್ಣಿಟ್ಟಿತ್ತು. ಮುಳ್ಳುಪೊದೆಯೊಳಗೆ ನುಗ್ಗಲು ಅದಕ್ಕೆ ಧೈರ್ಯವಿರಲಿಲ್ಲ. ಒಂದು ಮಧ್ಯಾಹ್ನ ಅದು ದೂರದ ಬಂಡೆಯ ಮೇಲೆ ಕೂತು ತುಂಬೆಯೊಡನೆ ಮಾತು ತೆಗೆಯಿತು.

“ತಂಗೀ, ಹೆದರಬೇಡ, ನಾನು ಹತ್ತಿರ ಬರುವುದಿಲ್ಲ. ಗುಡ್ಡದಾಚೆ ಒಂದು ಬಯಲು ಕಂಡೆ. ಥೇಟ್ ನಿನ್ನ ತವರಿನ ಹಾಗಿದೆ! ಮಕ್ಕಳನ್ನೂ ಕರೆದುಕೊಂಡು ಹೋಗಿ ನೋಡು.”

ತುಂಬೆಯ ಕಾಲು ತಾನಾಗಿಯೇ ಎರಡು ಹೆಜ್ಜೆ ಮುಂದೆ ಹೋಯಿತು. ಮರಿಗಳನ್ನು ಕೂಗಲು ಬಾಯಿ ತೆರೆದವಳು ತಡೆದು ನಿಂತಳು.

“ಯಾವುದರಲ್ಲಿ ತವರಿನ ಹಾಗೆ, ಅಣ್ಣಾ?”

“ಎಲ್ಲದರಲ್ಲೂ.”

“ಎಲ್ಲದರಲ್ಲೂ ಹಾಗೇ ಇರುವುದು ತವರೊಂದೇ. ಬಿಡಿಸಿ ಹೇಳು.”

“ಅಯ್ಯೋ, ತವರಿನ ಹಾಗೆ ಅಂತ ಯಾಕೆ ಹೇಳಲಿ? ತವರೇ ಅದು!”

“ಇದ್ದ ಒಂದು ‘ಹಾಗೆ’ಯನ್ನೂ ನುಂಗಿಬಿಟ್ಟೆಯಲ್ಲ! ಹುಲ್ಲು ಹಾಗಿದೆಯೇ? ಗಾಳಿಯೇ?”

ಬೆಕ್ಕಿಗೆ ಹುಲ್ಲಿನ ಸುದ್ದಿ ಏನು ಗೊತ್ತು? ತಡಬಡಾಯಿಸುತ್ತಾ, “ನೆಮ್ಮದಿ, ತಂಗೀ! ಅಷ್ಟು ನಿಶ್ಶಬ್ದ. ಒಂದು ಹಕ್ಕಿ ಕೂಗುವುದಿಲ್ಲ, ಒಂದು ಇಲಿ ಓಡಾಡುವುದಿಲ್ಲ,” ಎಂದಿತು.

ತುಂಬೆಯ ಕಿವಿಗಳು ನಿಮಿರಿದವು. “ನನ್ನ ತವರಿನಲ್ಲಿ ದಿನವಿಡೀ ಹಕ್ಕಿಗಳದ್ದೇ ಗಲಾಟೆ. ಹಕ್ಕಿ, ಇಲಿ ಒಂದೂ ಉಳಿಯದ ಜಾಗವೆಂದರೆ ಅವನ್ನೆಲ್ಲ ತಿಂದು ಮುಗಿಸಿದವರು ಅಲ್ಲಿದ್ದಾರೆ. ಅದು ನಿನ್ನ ಮನೆಯಲ್ಲವೇ?”

ಬೆಕ್ಕು ಹಲ್ಲು ಕಿಸಿದು, ಬಂಡೆಯಿಂದಿಳಿದು ಓಡಿ ಬಂದು ಅವಳತ್ತ ಹಾರಿತು. ತುಂಬೆ ಪೊದೆಯೊಳಗೆ ನುಸುಳಿದಳು. ಸದ್ದು ಕೇಳಿ ಪೊದೆಯ ಹೊರಗೆ ಬಂದಿದ್ದ ಅಜ್ಜಿ ಬೆನ್ನು ತಿರುಗಿಸಿ, ಮುಳ್ಳೆಲ್ಲ ನಿಗುರಿಸಿ ನಿಂತಳು. ಬೆಕ್ಕು ಬಂದು ಬಿದ್ದದ್ದು ಅದರ ಮೇಲೆಯೇ. ಮೂಗಿನಲ್ಲಿ, ಪಾದದಲ್ಲಿ ಮುಳ್ಳುಗಳು ನಾಟಿದವು. ಅರಚುತ್ತಾ, ಕುಂಟುತ್ತಾ ಓಡಿದ ಬೆಕ್ಕು ಆ ಕಡೆ ಮತ್ತೆ ತಲೆ ಹಾಕಲಿಲ್ಲ.

ತುಂಬೆ ಪೊದೆಯಿಂದ ಹೊರಗೆ ಬಂದಳು. “ಅಜ್ಜೀ, ಬೆಕ್ಕು ಎಂದು ಗೊತ್ತಿದ್ದೂ ಎರಡು ಹೆಜ್ಜೆ ಇಟ್ಟುಬಿಟ್ಟಿದ್ದೆ.”

“ಆಸೆ ಇದ್ದ ಕಡೆಯೇ ಹೋಲಿಕೆ ಬೇಗ ನಾಟುತ್ತದೆ, ಮಗಳೇ. ಮೂರನೆಯ ಹೆಜ್ಜೆ ಇಡಲಿಲ್ಲವಲ್ಲ, ಸಾಕು.”

ಆ ಸಂಜೆ ಮರಿಗಳು, “ನಿನ್ನ ತವರು ಹೇಗಿತ್ತಮ್ಮ?” ಎಂದು ಕೇಳಿದವು. ತುಂಬೆ ಅದನ್ನು ಯಾವುದಕ್ಕೂ ಹೋಲಿಸಲಿಲ್ಲ. ಹುಲ್ಲು ಎಷ್ಟು ಎತ್ತರ ಬೆಳೆಯುತ್ತಿತ್ತು, ಯಾವ ಹಕ್ಕಿ ಮೊದಲು ಕೂಗುತ್ತಿತ್ತು, ಎಲ್ಲವನ್ನೂ ಒಂದೊಂದಾಗಿ ಹೇಳಿದಳು. ಮರಿಗಳು ನಿದ್ದೆ ಹೋದ ಮೇಲೂ ಹೇಳುತ್ತಲೇ ಇದ್ದಳು.

ನೀತಿ: ಹೋಲಿಕೆಯಿಂದ ಮಾತಿಗೆ ಅಂದ ಬರುತ್ತದೆ, ಆದರೆ ಯಾವುದರಲ್ಲಿ ಹೋಲಿಕೆ ಎಂದು ಕೇಳಿ ತಿಳಿಯದೆ ಅದನ್ನು ನಂಬಿ ನಡೆಯಬಾರದು.