ಎದುರು ಬರುವವರ ದಾರಿ

ಜಂಬಣ್ಣ ಭಾರಿ ಟ್ರೇಲರ್ ಓಡಿಸುವ ಚಾಲಕ. ಒಮ್ಮೆ ಘಾಟಿಯ ಕೆಳಗಿನ ಊರೊಂದಕ್ಕೆ ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್ ಸಾಗಿಸುವ ಕೆಲಸ ಅವನಿಗೆ ಬಂತು. ಅಲ್ಲಿದ್ದ ಹಳೆಯದು ಸುಟ್ಟು ಊರಿಗೆ ಕರೆಂಟಿರಲಿಲ್ಲ. ಪಂಪು ನಿಂತು ನಲ್ಲಿಗಳೂ ಒಣಗಿದ್ದವು. ಅವನ ತಂಗಿ ಹಂಪಮ್ಮನನ್ನು ಕೊಟ್ಟಿದ್ದೂ ಅದೇ ಊರಿಗೆ.

ಅಷ್ಟು ಅಗಲದ ಹೊರೆ ಘಾಟಿ ಇಳಿಯಬೇಕಾದರೆ ಸರ್ಕಾರದ ವಿಶೇಷ ಪರ್ಮಿಟ್ ಬೇಕು. ಅದಿದ್ದರೆ ಪೊಲೀಸರು ಎದುರಿನ ವಾಹನಗಳನ್ನು ತಡೆದು ದಾರಿ ಬಿಡಿಸುತ್ತಾರೆ. ಪರ್ಮಿಟ್ ಬರುವುದು ತಡವಾಯಿತು. ಲಾರಿ ಮಾಲೀಕ ವಿರೂಪಣ್ಣನಿಗೆ ತಾಳ್ಮೆ ತಪ್ಪಿತು.

“ಸುಮ್ಮನೆ ಹೊರಟುಬಿಡು ಜಂಬಣ್ಣ. ಯಾರಾದರೂ ಹಿಡಿದರೆ ನಾನು ನೋಡ್ಕೋತೀನಿ.”

“ಹಿಡಿದವರನ್ನು ನೀವು ನೋಡ್ಕೋತೀರಿ ಧಣಿ. ತಿರುವಿನಲ್ಲಿ ಎದುರು ಬಂದವರನ್ನು ಯಾರು ನೋಡ್ಕೋತಾರೆ?”

“ಹಂಗಾದ್ರೆ ಬೇರೆ ಡ್ರೈವರನ್ನು ಕರೆಸ್ತೀನಿ.”

“ಕರೆಸಿ. ಬಂದವನಿಗೂ ಇದನ್ನೇ ಹೇಳ್ತೀನಿ,” ಎಂದು ಜಂಬಣ್ಣ ಕೀಲಿಯನ್ನು ಮೇಜಿನ ಮೇಲಿಟ್ಟ. ವಿರೂಪಣ್ಣ ಅದನ್ನು ಮುಟ್ಟಲಿಲ್ಲ.

ಅಂದೇ ತಂಗಿ ಫೋನ್ ಮಾಡಿದಳು. “ಅಣ್ಣಾ, ಹೊಳೆ ನೀರು ಕುಡಿದು ಕೂಸು ಜ್ವರ ಬಂದು ಮಲಗೈತೆ. ನೀನು ನೋಡಿದ್ರೆ ಅಲ್ಲಿ ಲಾರಿ ನಿಲ್ಲಿಸ್ಕೊಂಡು ಕೂತಿದ್ದೀಯಂತೆ!”

“ಬರ್ತೀನವ್ವ. ಯಾರ ಜೀವಕ್ಕೂ ಕುತ್ತು ತರದಂಗೆ ಬರ್ತೀನಿ,” ಎಂದಷ್ಟೇ ಹೇಳಿದ.

ಮರುದಿನ ಪರ್ಮಿಟ್ ಕೊಡುವ ಕಚೇರಿಯ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತ. ಮೇಡಂ ಇಲ್ಲ ಎಂದರು, ಕಾದ. ನಾಳೆ ಬಾ ಎಂದರು, ಮತ್ತೆ ಬಂದ. ಕೊನೆಗೂ ಅಧಿಕಾರಿ ಮೇಡಂ ಸಿಕ್ಕಾಗ ಊರಿನ ಪಾಡು ಹೇಳಿದ. ಅವರು ತಡಮಾಡದೆ ಎಂಜಿನಿಯರನ್ನು ಕರೆದುಕೊಂಡು ಘಾಟಿಗೆ ಹೋದರು, ದಾರಿ ನೋಡಿ ಬಂದು ಪರ್ಮಿಟ್‌ಗೆ ಸಹಿ ಹಾಕಿದರು.

ಹಾಡಹಗಲಲ್ಲೇ ಟ್ರೇಲರ್ ಘಾಟಿ ಇಳಿಯತೊಡಗಿತು. ಕಡಿದಾದ ತಿರುವೊಂದರಲ್ಲಿ ಅದು ಇಡೀ ರಸ್ತೆಗೆ ಅಡ್ಡಲಾಗಿ ಸಿಕ್ಕಿಕೊಂಡಿತು. ಒಂದು ಕಡೆ ಬಂಡೆ, ಇನ್ನೊಂದು ಕಡೆ ಪ್ರಪಾತ. ಜಂಬಣ್ಣನ ಅಂಗಿ ಬೆವರಿನಿಂದ ತೊಯ್ದುಹೋಯಿತು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ ಸರಿಸುತ್ತಾ ಬಹಳ ಹೊತ್ತಿನ ಮೇಲೆ ತಿರುಗಿಸಿದ. ಅಷ್ಟು ಹೊತ್ತೂ ಎದುರಿನಿಂದ ಒಂದು ಸೈಕಲ್ಲೂ ಬರಲಿಲ್ಲ.

ಘಾಟಿಯ ಬುಡದಲ್ಲಿ ಪೊಲೀಸರು ತಡೆದ ವಾಹನಗಳ ಸಾಲಿತ್ತು. ಎಲ್ಲಕ್ಕಿಂತ ಮುಂದೆ ಜನ ತುಂಬಿದ ಬಸ್ಸು. ಕಾದು ಸುಸ್ತಾದವರು ಗೊಣಗುತ್ತಿದ್ದರು. ಬಸ್ಸಿನ ಚಾಲಕ ಇಳಿದು ಬಂದ. ಟ್ರೇಲರಿನ ಅಗಲ ನೋಡಿದ, ಬೆಟ್ಟದ ತಿರುವುಗಳನ್ನು ನೋಡಿದ.

“ಅಣ್ಣಾ, ನಮ್ಮನ್ನು ಇಲ್ಲಿ ತಡೀದೇ ಇದ್ದಿದ್ರೆ, ಮೇಲಿನ ತಿರುವಿನಲ್ಲಿ ನೀನು ಅಡ್ಡ ನಿಂತಿದ್ದು ನನಗೆ ಕಾಣ್ತಾನೇ ಇರಲಿಲ್ಲ,” ಎಂದು ಜಂಬಣ್ಣನ ಎರಡೂ ಕೈ ಹಿಡಿದುಕೊಂಡ.

ಆ ವಾರವೇ ಊರಿನ ನಲ್ಲಿಗಳಲ್ಲಿ ನೀರು ಬಂತು. ಹಂಪಮ್ಮನ ಕೂಸಿನ ಜ್ವರವೂ ಇಳಿಯಿತು.

ನೀತಿ: ನಮ್ಮ ಕೆಲಸ ಎಷ್ಟೇ ಒಳ್ಳೆಯದಿರಲಿ, ಎಷ್ಟೇ ಅವಸರದ್ದಿರಲಿ, ತಿರುವಿನಾಚೆ ಕಾಣದೆ ಬರುತ್ತಿರುವವರ ಜೀವ ಅದಕ್ಕಿಂತ ದೊಡ್ಡದು. ನಿಯಮ ಮುರಿದು ಬೇಗ ಹೋಗುವ ಬದಲು, ನಿಯಮದಂತೆಯೇ ಬೇಗ ಹೋಗಲು ಹಟ ಹಿಡಿಯಬೇಕು.