ಮತ್ತೆಗುಡ್ಡದ ಕಲ್ಲಿನ ಕೈ

ಗೊಗ್ಗರಹಾಳದಿಂದ ಅದಿರು ಹೊತ್ತ ಗೂಡ್ಸ್ ಗಾಡಿಗಳು ಬಯಲಿಗಿಳಿಯುವ ದಾರಿಯಲ್ಲಿ ಒಂದು ಕೆಂಪು ಗುಡ್ಡವಿದೆ. ಅದರ ಹೊಟ್ಟೆ ಸೀಳಿಕೊಂಡು ರೈಲುಹಳಿ ಹೋಗುತ್ತದೆ. ಫಲಕದ ಮೇಲೆ 'ಮತ್ತಿಗುಡ್ಡ' ಎಂದಿದೆ. ಮತ್ತಿಮರಗಳಿಂದ ಬಂದ ಹೆಸರೆಂದು ಬರೆಸಿದ ಪುಣ್ಯಾತ್ಮರು ತಿಳಿದಿರಬೇಕು; ಇಲ್ಲಿ ಜಾಲಿಯ ಹೊರತು ಇನ್ನೊಂದು ಮರವನ್ನು ಯಾರೂ ಕಂಡಿಲ್ಲ. ಊರವರ ಬಾಯಲ್ಲಿ ಇದು ಮತ್ತೆಗುಡ್ಡ. ಸುರಂಗದ ಬಾಯಿಯ ಪಕ್ಕ ಆಳೆತ್ತರದ ಕಲ್ಲೊಂದು ನಿಂತಿದೆ. ಅದರ ಮೇಲೆ ದೇವರಿಲ್ಲ, ಅಕ್ಷರವಿಲ್ಲ, ಬಿಡಿಸಿದ ಅಂಗೈಯೊಂದೇ ಇದೆ.

ಹಿಂದೆ ಒಮ್ಮೆ, ಜಪಾನ್ ದೇಶದ ನೆರವಿನಿಂದ ಈ ಹಾದಿ ಹಾಕುತ್ತಿದ್ದ ಕಾಲದಲ್ಲಿ, ಯಂತ್ರಗಳ ಜೊತೆಗೆ ಹಿರಾನೊ ಎಂಬ ಎಂಜಿನಿಯರನೂ ಬಂದನಂತೆ. ಜನ ಅವನನ್ನು ಹಿರಣ್ಣ ಮಾಡಿಕೊಂಡರು. ಅವನಿಗೆ ಬರುತ್ತಿದ್ದ ಕನ್ನಡ 'ನೀರು', 'ಊಟ', 'ಬರ್ರಿ', ಅಷ್ಟೇ. ಕಲ್ಲುಕುಟಿಗರ ಮೇಸ್ತ್ರಿ ದುರುಗಪ್ಪ. ಅವನ ಹೆಂಡತಿ ಹುಲಿಗೆವ್ವ ಒಡೆದ ಕಲ್ಲನ್ನು ಬುಟ್ಟಿಯಲ್ಲಿ ಹೊರುತ್ತಿದ್ದಳು. ಈ ಕುಟಿಗರಲ್ಲಿ ಒಂದು ಪದ್ಧತಿ. ಒಂದು ಪೆಟ್ಟು ಬಿದ್ದ ಮೇಲೆ ಮೇಸ್ತ್ರಿ 'ಮತ್ತೆ!' ಎಂದು ಕೂಗಬೇಕು, ಆಗ ಹತ್ತು ಸುತ್ತಿಗೆಗಳು ಒಟ್ಟಿಗೆ ಏಳಬೇಕು.

ಒಂದು ದಿನ ಬುತ್ತಿ ಬಿಚ್ಚುವ ಹೊತ್ತಿಗೆ ಸುರಂಗದೊಳಗೆ ಮೇಲಿನಿಂದ ಸಣ್ಣ ಮಣ್ಣು ಉದುರತೊಡಗಿತು. ಬುಟ್ಟಿ ತುಂಬುತ್ತಿದ್ದ ಹುಲಿಗೆವ್ವ ತಲೆಯೆತ್ತಿ ನೋಡಿದಳು. ಚಾವಣಿಗೆ ಆನಿಸಿದ್ದ ತೊಲೆಯೊಂದು ನರಳಿದ್ದು ಅವಳ ಕಿವಿಗೆ ಬಿತ್ತು. ಕಲ್ಲಿಗೆ ಮುಖ ಮಾಡಿ ನಿಂತಿದ್ದ ಗಂಡನಿಗೆ ಅದು ಕೇಳಿಸಲಿಲ್ಲ. ಹಿರಾನೊ ಹೊರಗಿನಿಂದ ಓಡಿಬಂದ. ಕೈಯೆತ್ತಿ, ಮುಖ ಬಿಳುಚಿಕೊಂಡು, "ಮತ್ತೆ! ಮತ್ತೆ!" ಎಂದು ಅರಚಿದ.

"ಏ, ಹಿರಣ್ಣ ನಮ್ಮ ಮಾತು ಕಲ್ತಾನಲೇ!" ಎಂದು ಯಾರೋ ನಕ್ಕರು. ದುರುಗಪ್ಪನಿಗೂ ಹುರುಪು ಬಂತು. ಹತ್ತು ಸುತ್ತಿಗೆಗಳು ಎದ್ದವು, ಬಿದ್ದವು.

ಹಿರಾನೊ ಇನ್ನೂ ಜೋರಾಗಿ ಅದನ್ನೇ ಕೂಗಿದ. ಇವರು ಇನ್ನೂ ಜೋರಾಗಿ ಹೊಡೆದರು. ಹುಲಿಗೆವ್ವ ಅವನ ಮಾತನ್ನು ಬಿಟ್ಟು, ತಡೆಯುವಂತೆ ಬಿಡಿಸಿ ಹಿಡಿದ ಅಂಗೈಯನ್ನು ನೋಡಿದಳು. ಬುಟ್ಟಿ ಎಸೆದು ಗಂಡನ ತೋಳಿಗೆ ಜೋತುಬಿದ್ದಳು. "ನಿಂದರ್ರೀ! ಅವರ ಬಾಯಿ ಕೇಳಬ್ಯಾಡ್ರಿ, ಕೈ ನೋಡ್ರಿ!"

ದುರುಗಪ್ಪ ತಿರುಗಿ ನೋಡುವಷ್ಟರಲ್ಲಿ ತೊಲೆ ಸೀಳಿತು. ಹಿರಾನೊ ಅದಕ್ಕೆ ಹೆಗಲು ಕೊಟ್ಟು, ಇನ್ನೊಂದು ಕೈಯಿಂದ ಒಬ್ಬೊಬ್ಬರನ್ನೇ ಹೊರಕ್ಕೆ ದಬ್ಬಿದನಂತೆ. ಕೊನೆಗೆ ದಬ್ಬಿದ್ದು ದುರುಗಪ್ಪನ ಎದೆಯನ್ನು. ಆಮೇಲೆ ಗುಡ್ಡ ಕುಸಿಯಿತು.

ಹಿರಾನೊನ ಭಾಷೆಯಲ್ಲಿ 'ಮತ್ತೆ' ಅಂದರೆ 'ತಡಿ' ಎಂದು ಸಂಜೆ ಪೇಟೆಯಿಂದ ಬಂದ ದುಭಾಷಿ ಹೇಳಿದಾಗ ದುರುಗಪ್ಪ ಎದೆ ಬಡಿದುಕೊಂಡು ಅತ್ತ. ಎದೆಯ ಮೇಲೆ ಬಿದ್ದ ಆ ಕೈಯ ಅಳತೆ ಮರೆಯುವ ಮೊದಲೇ ಅದನ್ನು ಕಲ್ಲಿನಲ್ಲಿ ಕಡೆದು ನಿಲ್ಲಿಸಿದ. ಮುಂದೆ ಸಾಯುವವರೆಗೂ ಸುತ್ತಿಗೆ ಮುಟ್ಟಲಿಲ್ಲ ಎನ್ನುತ್ತಾರೆ. ಕುಟಿಗರು ಸುತ್ತಿಗೆಯ ಪೆಟ್ಟಿಗೆ ಬೇರೆ ಕೂಗು ಹಿಡಿದರು. ಹಳಿಯ ಬಳಿ ಯಾರನ್ನಾದರೂ ತಡೆಯಬೇಕಾದಾಗ ಮಾತ್ರ ಊರವರು ಕೈಯೆತ್ತಿ 'ಮತ್ತೆ!' ಎನ್ನತೊಡಗಿದರು.

ಎಷ್ಟೋ ವರ್ಷಗಳ ಮೇಲೆ ಹಿರಾನೊನ ತಂಗಿ ಅವನು ಸತ್ತ ಜಾಗ ನೋಡಲು ಬಂದಳು. ಹುಲಿಗೆವ್ವ ಆಗ ಹಣ್ಣು ಮುದುಕಿ. 'ನನ್ನ ಗಂಡ ಬೇಕಂತ ಹೊಡೀಲಿಲ್ಲವ್ವಾ' ಎಂದು ಹೇಳಬೇಕಿತ್ತು, ಹೇಳಲು ಭಾಷೆ ಇರಲಿಲ್ಲ. ಅಷ್ಟರಲ್ಲಿ ತಂಗಿ ಕಲ್ಲಿನ ಕೈಯನ್ನೇ ನೋಡುತ್ತ ಹಳಿಗೆ ಕಾಲಿಡಲಿದ್ದಳು, ಸುರಂಗದೊಳಗಿನಿಂದ ಗಾಡಿ ಬರುತ್ತಿತ್ತು. "ಮತ್ತೆ!" ಎಂದು ಮುದುಕಿ ಚೀರಿದಳು. ಜೊತೆಗೆ ಬಂದಿದ್ದ ಪರಸ್ಥಳದ ಅಧಿಕಾರಿಗಳು ಏನೆಂದು ತಿಳಿಯದೆ ಕಣ್ಣು ಕಣ್ಣು ಬಿಟ್ಟರು. ತಂಗಿ ಮಾತ್ರ ನಿಂತಲ್ಲೇ ನಿಂತಳು. ಗಾಡಿ ದಾಟಿದ ಮೇಲೆ ಬಂದು ಮುದುಕಿಯ ಎರಡೂ ಕೈ ಹಿಡಿದುಕೊಂಡಳು, ಇಬ್ಬರೂ ಅತ್ತರು.

ಕಲ್ಲು ಈಗಲೂ ಅಲ್ಲೇ ಇದೆ. ಹೋದವರು ಅದರ ಅಂಗೈಗೆ ತಮ್ಮ ಅಂಗೈ ಇಟ್ಟು ನೋಡುತ್ತಾರೆ. ಮುಟ್ಟಿ ಮುಟ್ಟಿ ಅದು ನುಣುಪಾಗಿದೆ. ಸಿಳ್ಳೆ ಕೇಳಿದೊಡನೆ ಯಾವುದಾದರೂ ಹಿತ್ತಿಲಿನಿಂದ 'ಮತ್ತೆ!' ಎಂಬ ಕೂಗು ಬರುತ್ತದೆ, ಗಾಡಿ ದಾಟಿಹೋಗುವ ತನಕ ಊರಿಗೆ ಊರೇ ನಿಲ್ಲುತ್ತದೆ.