ಕ್ಯಾಂಟೀನ್ ಹಿಂದಿನ ಒಳಸಂಚು

ಗಂಡನ ಕೊಲೆಯ ಕೇಸು. ಹೆಂಡತಿ ಗಂಗಮಾಳವ್ವ ಲಾರಿ ಡ್ರೈವರ್ ಹೊಳೆಬಸಪ್ಪನ ಜೊತೆ ಸೇರಿ ಒಳಸಂಚು ಮಾಡಿದಳು ಅಂತ ಆರೋಪ. ರುಜುವಾತಾದರೆ ಇಬ್ಬರಿಗೂ ಗಲ್ಲು. ಇದ್ದ ಸಾಕ್ಷಿ ಒಬ್ಬ ಚಹಾದಂಗಡಿಯವ.

"ಇವರಿಬ್ಬರೂ ನಿನ್ನ ಅಂಗಡೀಲಿ ಏನು ಪಿಸುಗುಟ್ಟಿದರು?" ಸರ್ಕಾರಿ ವಕೀಲರು ಗುಡುಗಿದರು.

"ಕೇಳಿಸಲಿಲ್ಲ ಸ್ವಾಮಿ."

"ಕೇಳಿಸೋದ್ಯಾಕಯ್ಯಾ? ಮೂಲೇಲಿ ಕೂತು ಪಿಸುಗುಟ್ಟೋದು, ತಲೆಯಾಡಿಸೋದು, ಯಾರಾದರೂ ಬಂದರೆ ಬಾಯಿ ಮುಚ್ಚೋದು. ಒಳಸಂಚು ಅಂದರೆ ಅದೇ! ಹೌದು ಅನ್ನು."

"ಹೌದು ಸ್ವಾಮಿ. ಬೆಳಿಗ್ಗೆ ಈ ಕೋರ್ಟಿನ ಕ್ಯಾಂಟೀನ್ ಹಿಂದೆ ವಡೆ ಕೊಡಿಸಿ ತಾವು ಪಿಸುಗುಟ್ಟಿದ್ರಿ, ನಾನು ತಲೆಯಾಡಿಸ್ದೆ. ಜವಾನ ಬಂದ, ಇಬ್ಬರೂ ಬಾಯಿ ಮುಚ್ಚಿದ್ವಿ. ನಾವು ಯಾರನ್ನ ಕೊಲ್ಲೋಕೆ ಹೊರಟಿದ್ವಿ ಸ್ವಾಮಿ?"

ಜಡ್ಜ್ ಸಾಹೇಬರು ಕನ್ನಡಕ ತೆಗೆದರು. ವಕೀಲರು ಉತ್ತರ ಕೊಡಲು ಬಾಯಿ ತೆರೆದರು. ಅಷ್ಟರಲ್ಲಿ ಅದೇ ಜವಾನ ಫೈಲು ಹಿಡಿದು ಒಳಗೆ ಬಂದ. ವಕೀಲರು ತಟ್ಟನೆ ಬಾಯಿ ಮುಚ್ಚಿದರು.